ಜರ್ಮನ್ ಸಿಪಾಯಿಯ ಪತ್ರಿಕೆಗಳು: ಯಾವುದನ್ನು ಕೈಗೆತ್ತಿಕೊಳ್ಳಬೇಕು, ಯಾವುದನ್ನು ಬಿಡಬೇಕು

ಜರ್ಮನ್ ಸೇನೆಯ ಸಾಮಾನ್ಯ ಕಾಲಾಳು ಏನು ಓದುತ್ತಿದ್ದ ಎಂದು ತಿಳಿಯಲು ಹೊರಟವರ ಕೈಗೆ ಮೊದಲು ಸಿಗುವುದು ‘ಸಿಗ್ನಾಲ್’. ಎರಡನೇ ಮಹಾಯುದ್ಧದ ಕಾಲದ ಚಿತ್ರಪತ್ರಿಕೆ, ಆ ದಿನಗಳಲ್ಲೇ ಬಣ್ಣದ ಪುಟಗಳು, ಸಾಲದ್ದಕ್ಕೆ ಇಂಗ್ಲಿಷ್ ಆವೃತ್ತಿ ಬೇರೆ. ಅದರ ಪುಟಗಳನ್ನು 1970ರ ದಶಕದಲ್ಲಿ ಪುಸ್ತಕರೂಪದಲ್ಲಿ ಮತ್ತೆ ಅಚ್ಚು ಹಾಕಿದ್ದೂ ಉಂಟು. ಇಷ್ಟೆಲ್ಲ ಅನುಕೂಲ ಇರುವಾಗ ಅದನ್ನೇ ಸಿಪಾಯಿಯ ಪತ್ರಿಕೆ ಎಂದು ನಂಬಿಬಿಡುವುದು ಸಹಜ. ಆದರೆ ಅದು ಸಿಪಾಯಿಗಾಗಿ ಹುಟ್ಟಿದ್ದೇ ಅಲ್ಲ. 1940ರ ಏಪ್ರಿಲ್‌ನಲ್ಲಿ ಶುರುವಾಗಿ 1945ರವರೆಗೆ ನಡೆದ ಆ ಪಾಕ್ಷಿಕದ ಗುರಿ ಹೊರದೇಶದವರು: ಜರ್ಮನಿ ಗೆದ್ದುಕೊಂಡ ದೇಶಗಳ ಜನ, ತಟಸ್ಥ ದೇಶಗಳ ಓದುಗರು, ಜರ್ಮನಿಯ ಜೊತೆಗೂಡಿ ಹೋರಾಡುತ್ತಿದ್ದ ದೇಶಗಳ ಸೈನಿಕರು. ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಬರುತ್ತಿದ್ದ ಪತ್ರಿಕೆ 1943ರ ಹೊತ್ತಿಗೆ ಸುಮಾರು 25 ಲಕ್ಷ ಪ್ರತಿಗಳನ್ನು ಮುಟ್ಟಿತ್ತು. ಅದನ್ನು ಅಚ್ಚು ಹಾಕುತ್ತಿದ್ದ ಡಾಯ್ಚರ್ ಫೆರ್ಲಾಗ್, ಯಹೂದಿ ಒಡೆತನದ ಉಲ್‌ಸ್ಟೈನ್ ಪ್ರಕಾಶನವನ್ನು 1934ರಲ್ಲಿ ಕಿತ್ತುಕೊಂಡು ಮಾಡಿದ ಸಂಸ್ಥೆ. ಛಾಯಾಚಿತ್ರಗಳ ಗುಣಮಟ್ಟಕ್ಕೆ ಮರುಳಾಗುವವರು ಈ ಹಿನ್ನೆಲೆಯನ್ನು ಮರೆಯದಿದ್ದರೆ ಒಳ್ಳೆಯದು.

ಹಾಗಾದರೆ ನಿಜವಾದ ಸಿಪಾಯಿ ಪತ್ರಿಕೆಗಳು ಯಾವುವು, ಅವುಗಳಲ್ಲಿ ಯಾವುದರಿಂದ ಶುರು ಮಾಡಬೇಕು? ನಾನು ಬಳಸುವ ಅಳತೆಗೋಲು ಸರಳ. ಪತ್ರಿಕೆ ಅಚ್ಚಾದ ಜಾಗ ಕಂದಕದಿಂದ ಎಷ್ಟು ದೂರ? ಅದನ್ನು ಬರೆದವನ ಭುಜದ ಮೇಲೆ ಎಷ್ಟು ಪಟ್ಟಿಗಳಿದ್ದವು? ದೂರ ಕಡಿಮೆಯಾದಷ್ಟೂ ಮುದ್ರಣ ಒರಟಾಗುತ್ತದೆ, ಆದರೆ ಬರಹಕ್ಕೆ ಜೀವ ಬರುತ್ತದೆ. ದೂರ ಹೆಚ್ಚಿದಂತೆ ಕಾಗದ ನಯವಾಗುತ್ತದೆ, ಮಾತು ಪೊಳ್ಳಾಗುತ್ತದೆ. ಈ ಲೆಕ್ಕ ಒಂದೆರಡು ಕಡೆ ತಪ್ಪುತ್ತದೆ, ಅದನ್ನು ಮುಂದೆ ಹೇಳುತ್ತೇನೆ.

ಒಂದನ್ನು ಮೊದಲೇ ಪಕ್ಕಕ್ಕೆ ಇಟ್ಟುಬಿಡೋಣ. ‘ಮಿಲಿಟೇರ್ ವೋಖೆನ್‌ಬ್ಲಾಟ್’ 1816ರಲ್ಲಿ ಬರ್ಲಿನ್‌ನಲ್ಲಿ ಶುರುವಾದ ವಾರಪತ್ರಿಕೆ. ಜರ್ಮನ್ ಸೈನಿಕ ಪತ್ರಿಕೆಗಳ ಇತಿಹಾಸ ಬರೆಯುವವರೆಲ್ಲ ಅದರಿಂದಲೇ ಆರಂಭಿಸುತ್ತಾರೆ. ಆದರೆ ಅದು ಅಧಿಕಾರಿಗಳ ಪತ್ರಿಕೆ: ಬಡ್ತಿ, ವರ್ಗಾವಣೆ, ಯುದ್ಧತಂತ್ರದ ಚರ್ಚೆ. ಬಂದೂಕು ಹೊತ್ತು ಕೆಸರಿನಲ್ಲಿ ನಡೆಯುವವನಿಗೆ ಅದರಲ್ಲಿ ಓದಲು ಏನೂ ಇರಲಿಲ್ಲ. ಸಾಮಾನ್ಯ ಸಿಪಾಯಿಯೇ ಓದುಗನಾದ ಪತ್ರಿಕೆಗಳು ಸಾಲುಸಾಲಾಗಿ ಹುಟ್ಟಿದ್ದು 1914ರ ನಂತರ, ಯುದ್ಧ ಕಂದಕದಲ್ಲಿ ಹೂತುಕೊಂಡಾಗ. ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ಕುಳಿತ ಲಕ್ಷಾಂತರ ಅಕ್ಷರಸ್ಥ ಗಂಡಸರಿಗೆ ಹೊತ್ತು ಕಳೆಯಬೇಕಿತ್ತು. ಮೇಲಿನವರಿಗೆ ಅವರ ಮನಸ್ಸು ಅಲುಗಾಡದಂತೆ ನೋಡಿಕೊಳ್ಳಬೇಕಿತ್ತು. ಪತ್ರಿಕೆ ಎರಡೂ ಕೆಲಸಕ್ಕೆ ಒದಗಿತು.

ಲಿಲ್ ನಗರದ ಪತ್ರಿಕೆಯೋ, ಮುಳ್ಳುತಂತಿಯ ಪತ್ರಿಕೆಯೋ?

ಮೊದಲನೇ ಮಹಾಯುದ್ಧದ ಪತ್ರಿಕೆಗಳಲ್ಲಿ ಹೊಸಬರ ಮುಂದೆ ನಿಲ್ಲುವ ಮುಖ್ಯ ಆಯ್ಕೆ ಇದು. ಒಂದು ಕಡೆ ‘ಲಿಲ್ಲರ್ ಕ್ರೀಗ್ಸ್‌ಟ್ಸೈಟುಂಗ್’, ಅಂದರೆ ಲಿಲ್ ನಗರದ ಯುದ್ಧಪತ್ರಿಕೆ. ಇನ್ನೊಂದು ಕಡೆ ‘ಡೇರ್ ಡ್ರಾಟ್‌ಫೆರ್‌ಹೌ’, ಅಂದರೆ ಮುಳ್ಳುತಂತಿಯ ಬೇಲಿ.

ಉತ್ತರ ಫ್ರಾನ್ಸಿನ ಲಿಲ್ 1914ರ ಅಕ್ಟೋಬರ್‌ನಲ್ಲಿ ಜರ್ಮನ್ನರ ವಶವಾಯಿತು. ಬಿಡುಗಡೆಯಾದದ್ದು 1918ರ ಅಕ್ಟೋಬರ್‌ನಲ್ಲಿ. ದೊಡ್ಡ ಕೈಗಾರಿಕಾ ನಗರ, ಅಲ್ಲಿ ಒಳ್ಳೆಯ ಅಚ್ಚುಕೂಟಗಳಿದ್ದವು. 1914ರ ಡಿಸೆಂಬರ್‌ನಲ್ಲಿ ಪತ್ರಿಕೆ ಶುರುವಾಯಿತು. ಸಂಪಾದಕ ಪೌಲ್ ಓಸ್ಕರ್ ಹ್ಯೋಕರ್, ಯುದ್ಧಕ್ಕೆ ಮೊದಲೇ ಹೆಸರು ಮಾಡಿದ್ದ ಜನಪ್ರಿಯ ಕಾದಂಬರಿಕಾರ, ಮೀಸಲು ಪಡೆಯ ಕ್ಯಾಪ್ಟನ್. ಚಿತ್ರಗಳನ್ನು ಬರೆದುಕೊಟ್ಟವನು ಕಾರ್ಲ್ ಆರ್ನೋಲ್ಡ್, ಮ್ಯೂನಿಕ್‌ನ ‘ಸಿಂಪ್ಲಿಸಿಸಿಮುಸ್’ ಎಂಬ ವ್ಯಂಗ್ಯಪತ್ರಿಕೆಯ ಕಲಾವಿದ. ಇಬ್ಬರೂ ಕಸುಬು ಬಲ್ಲವರಾದ್ದರಿಂದ ಪತ್ರಿಕೆ ನೋಡಲು ಚೆಂದ, ಓದಲು ಸಲೀಸು. ಅದರ ಚಿತ್ರಪುರವಣಿಗಳಂತೂ ಇಂದಿಗೂ ಸಂಗ್ರಾಹಕರ ಅಚ್ಚುಮೆಚ್ಚು. ಆರ್ನೋಲ್ಡನ ಗೆರೆಯಲ್ಲಿ ಎದುರಾಳಿ ಇಂಗ್ಲಿಷಿನವನು ಉದ್ದ ಕಾಲಿನ ಪೆದ್ದ, ಜರ್ಮನ್ ಸಿಪಾಯಿ ಗಡ್ಡ ಬಿಟ್ಟ ಮುಗುಳ್ನಗೆಯ ಗೃಹಸ್ಥ. ಕೆಲವು ಸಂಚಿಕೆ ಓದುವಷ್ಟರಲ್ಲಿ ಈ ಗೃಹಸ್ಥ ನಿಮಗೂ ಪರಿಚಿತನಾಗಿಬಿಡುತ್ತಾನೆ. ತೊಡಕು ಇರುವುದು ಅಲ್ಲಿಯೇ.

ಯಾಕೆಂದರೆ ಈ ಪತ್ರಿಕೆ ಅಚ್ಚಾಗುತ್ತಿದ್ದ ಊರಿನಲ್ಲೇ, 1916ರ ಈಸ್ಟರ್ ಹಬ್ಬದ ಸುಮಾರಿಗೆ, ಜರ್ಮನ್ ಸೈನಿಕರು ಬೀದಿಬೀದಿಗೆ ಕಾವಲು ಹಾಕಿ ಮನೆಮನೆಯಿಂದ ಜನರನ್ನು ಎಬ್ಬಿಸಿದರು. ಲಿಲ್, ರೂಬೆ, ತೂರ್ಕ್ವಾನ್ ಈ ಮೂರು ಊರುಗಳಿಂದ 20,000ಕ್ಕೂ ಹೆಚ್ಚು ಜನರನ್ನು, ಅವರಲ್ಲಿ ಬಹಳಷ್ಟು ಯುವತಿಯರನ್ನು, ಹೊಲದ ಕೆಲಸಕ್ಕೆಂದು ಬಲವಂತವಾಗಿ ಬೇರೆಡೆಗೆ ಸಾಗಿಸಿದರು. ಪತ್ರಿಕೆಯ ನಗೆಬರಹಗಳನ್ನು ಓದುವಾಗ ಈ ಒಂದು ಸಂಗತಿಯನ್ನು ಪಕ್ಕದಲ್ಲಿ ಇಟ್ಟುಕೊಂಡರೆ ಸಾಕು, ಮುಗುಳ್ನಗೆಯ ಗೃಹಸ್ಥ ಬೇರೆಯಾಗಿಯೇ ಕಾಣುತ್ತಾನೆ. ಫ್ರೆಂಚರಿಗೆ ತಾವು ಏಕೆ ಹೋರಾಡುತ್ತಿದ್ದೇವೆ ಎಂದು ಹೇಳಿಕೊಡಬೇಕಾಗಿರಲಿಲ್ಲ, ಶತ್ರು ಅವರ ಮನೆಯಂಗಳದಲ್ಲೇ ಇದ್ದ. ಪರರ ನೆಲದಲ್ಲಿ ಕುಳಿತ ಜರ್ಮನ್ ಸಿಪಾಯಿಗೆ ಮಾತ್ರ ‘ಇದು ನಮ್ಮ ಮನೆಯ ರಕ್ಷಣೆ’ ಎಂದು ಪ್ರತಿ ವಾರ ನೆನಪಿಸಬೇಕಿತ್ತು. ಜರ್ಮನ್ ಪತ್ರಿಕೆಗಳು ಬ್ರಿಟಿಷ್ ಕಂದಕ ಪತ್ರಿಕೆಗಳಿಗಿಂತ ಹೆಚ್ಚು ಗಂಭೀರವಾಗಿ, ಹೆಚ್ಚು ಸಮಜಾಯಿಷಿಯ ಧಾಟಿಯಲ್ಲಿ ಮಾತಾಡುವುದಕ್ಕೆ ಕಾರಣ ಇದೇ ಎಂದು ನನ್ನ ಎಣಿಕೆ.

‘ಡ್ರಾಟ್‌ಫೆರ್‌ಹೌ’ ಇನ್ನೊಂದು ಜಾತಿಯದು. 1915ರಿಂದ 1918ರವರೆಗೆ ಬಂದ ಇದು ಬವೇರಿಯಾದ 1ನೇ ಲಾಂಡ್‌ವೇರ್ ಪದಾತಿ ರೆಜಿಮೆಂಟಿನ ಸ್ವಂತ ಪತ್ರಿಕೆ. ಲಾಂಡ್‌ವೇರ್ ಎಂದರೆ ಕಡ್ಡಾಯ ಸೇವೆ ಮುಗಿಸಿ ಎಷ್ಟೋ ವರ್ಷಗಳಾದ ಮೇಲೆ ಮತ್ತೆ ಕರೆ ಬಂದ ಮೀಸಲು ಪಡೆ; ಮೂವತ್ತರ ಆಸುಪಾಸಿನ, ಮನೆಮಕ್ಕಳಿದ್ದ ಜನ. ಅವರಿಗೆ ಸಿಕ್ಕಿದ್ದು ವೋಸ್ಜ್ ಬೆಟ್ಟಸಾಲಿನ ಕಾವಲು. ಸಂಪಾದಕ ಯಾರು, ಓದುಗ ಯಾರು ಎಂಬ ಅಂತರ ಇಲ್ಲಿ ತೆಳು. ಪದ್ಯ ಕಟ್ಟಿದವನೂ ಅದನ್ನು ಓದಿ ನಕ್ಕವನೂ ಒಂದೇ ಕಂದಕದವರು. ನಡುನಡುವೆ ಬವೇರಿಯಾದ ಆಡುನುಡಿ ನುಸುಳುತ್ತದೆ. ಜರ್ಮನ್ ಕಲಿತ ಹೊಸತರಲ್ಲಿ ಇದು ತಲೆನೋವು, ಸ್ವಲ್ಪ ಪಳಗಿದ ಮೇಲೆ ಇದೇ ಸ್ವಾರಸ್ಯ.

ಕಂದಕ ಪತ್ರಿಕೆಗಳ ಅತ್ಯುತ್ತಮ ಅಂಶ ಯಾವುದು ಎಂದು ಕೇಳಿದರೆ ಅಣಕು ಜಾಹೀರಾತು ಎನ್ನುತ್ತೇನೆ. ನೀರು ತುಂಬಿದ ನೆಲಮಾಳಿಗೆಯನ್ನು ‘ಸಕಲ ಸೌಕರ್ಯಗಳುಳ್ಳ ಬೇಸಿಗೆ ಬಂಗಲೆ ಬಾಡಿಗೆಗೆ’ ಎಂದು ಕರೆಯುವ ಧಾಟಿ ಅದು. ಹೇನು, ಇಲಿ, ಎಂದಿಗೂ ಮುಗಿಯದ ಜಾಮ್, ಬರದ ಟಪಾಲು, ರಜೆ ಚೀಟಿ ಇವೇ ವಸ್ತು. ಒಣಗಿಸಿದ ತರಕಾರಿ ಹಾಕಿ ಬೇಯಿಸಿದ ಸಾರಿಗೂ ಸಿಪಾಯಿಗಳು ‘ಮುಳ್ಳುತಂತಿ’ ಎಂದೇ ಅಡ್ಡಹೆಸರು ಇಟ್ಟಿದ್ದರು. ಹೀಗೆ ಗೊಣಗುವುದಕ್ಕೆ ಸೆನ್ಸಾರಿನವರ ಅಡ್ಡಿ ಇರಲಿಲ್ಲ, ಏಕೆಂದರೆ ಗೊಣಗುವವನು ದಂಗೆ ಏಳುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಯಾವುದಕ್ಕೆ ಅಡ್ಡಿ ಇತ್ತು ಎಂಬುದಕ್ಕೆ ಒಂದು ಉದಾಹರಣೆ: ಯುದ್ಧದ ಕೊನೆಯ ವರ್ಷಗಳಲ್ಲಿ ಸಿಪಾಯಿಗಳ ಬಾಯಲ್ಲಿ ಒಂದು ಪ್ರಾಸದ ಮಾತು ಓಡಾಡುತ್ತಿತ್ತು. ಎಲ್ಲರಿಗೂ ಒಂದೇ ಸಂಬಳ, ಒಂದೇ ಊಟ ಕೊಟ್ಟಿದ್ದರೆ ಈ ಯುದ್ಧ ಎಂದೋ ಮುಗಿದುಹೋಗಿರುತ್ತಿತ್ತು ಎಂಬುದು ಅದರ ಅರ್ಥ. ಅಧಿಕಾರಿಗಳ ತಟ್ಟೆಯ ಕಡೆಗೆ ಬೆರಳು ಮಾಡುವ ಇಂಥ ಮಾತನ್ನು ಸೇನೆಯ ಅಚ್ಚಿನಲ್ಲಿ ಹುಡುಕುತ್ತಾ ಕೂರಬೇಡಿ.

1916ರ ನಂತರದ ಸಂಚಿಕೆಗಳನ್ನು ಓದುವಾಗ ಇನ್ನೊಂದು ಎಚ್ಚರ ಬೇಕು. ಆ ವರ್ಷ ಸೇನೆಯ ಪರಮೋಚ್ಚ ಕಚೇರಿ ‘ಫೆಲ್ಡ್‌ಪ್ರೆಸ್ಸೆಸ್ಟೆಲ್ಲೆ’ ಎಂಬ ಕೇಂದ್ರವನ್ನು ತೆರೆದು, ಎಲ್ಲ ಸೇನಾ ಪತ್ರಿಕೆಗಳಿಗೂ ಸಿದ್ಧ ಲೇಖನಗಳನ್ನು ಸರಬರಾಜು ಮಾಡತೊಡಗಿತು. 1917ರ ಬೇಸಿಗೆಯಲ್ಲಿ ‘ದೇಶಭಕ್ತಿ ಪಾಠ’ ಎಂಬ ಕಾರ್ಯಕ್ರಮವೂ ಜಾರಿಗೆ ಬಂತು. ಊರಿನಲ್ಲಿ ಹೆಂಡತಿಯರು ಗೆಡ್ಡೆ ತಿಂದು ಚಳಿಗಾಲ ಕಳೆದು ಆ ಕಷ್ಟವನ್ನು ಗಂಡಂದಿರಿಗೆ ಬರೆಯುತ್ತಿದ್ದ ಕಾಲ ಅದು. ಅಂಥ ‘ಗೋಳಿನ ಪತ್ರ’ಗಳನ್ನು ಬರೆಯಬೇಡಿ ಎಂಬ ಉಪದೇಶವೂ ಅಚ್ಚಾಗುತ್ತಿತ್ತು. ಒಂದೇ ಲೇಖನ ಬೇರೆ ಬೇರೆ ಪತ್ರಿಕೆಗಳಲ್ಲಿ ಕಂಡರೆ ಅದು ಮೇಲಿನಿಂದ ಬಂದದ್ದು ಎಂದು ತಿಳಿದು ದಾಟಿಬಿಡಿ. ಸ್ಥಳೀಯ ಹೆಸರು, ಸ್ಥಳೀಯ ತಮಾಷೆ, ವಕ್ರ ರೇಖೆಯ ಚಿತ್ರ ಎಲ್ಲಿದೆಯೋ ಅಲ್ಲಿ ನಿಲ್ಲಿ.

ಚಿತ್ರಕಲೆಯ ಆಸಕ್ತಿಯಿಂದ ಬಂದವರು ಲಿಲ್ ಪತ್ರಿಕೆ ಹಿಡಿಯಲಿ. ಸಿಪಾಯಿಯ ದನಿ ಬೇಕಾದವರಿಗೆ ಮುಳ್ಳುತಂತಿಯೇ ಸರಿ. ಒಂದನ್ನೇ ಓದುವಷ್ಟು ಸಮಯ ಇದ್ದರೆ ನನ್ನ ಮತ ಎರಡನೆಯದಕ್ಕೆ. ಅದರ ಮಿತಿಯೂ ಗೊತ್ತಿರಲಿ: ವೋಸ್ಜ್ ರಂಗ ಹೋಲಿಕೆಯಲ್ಲಿ ಶಾಂತವಾದದ್ದು. ವೆರ್ದನ್, ಸೊಮ್‌ಗಳ ಕೊಲೆಯಂಗಳದಲ್ಲಿದ್ದವರ ಅನುಭವ ಇದರಲ್ಲಿ ಸಿಗುವುದಿಲ್ಲ.

ಎರಡೂ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯದ ಜಾಲತಾಣದಲ್ಲಿ ಪುಟಪುಟವೂ ಉಚಿತವಾಗಿ ಸಿಗುತ್ತವೆ, ಇನ್ನೂ ಹತ್ತಾರು ಯುದ್ಧಪತ್ರಿಕೆಗಳ ಜೊತೆಗೆ. ಹಾಗಾಗಿ ದುಡ್ಡು ಕೊಟ್ಟು ಮೂಲ ಪ್ರತಿ ತರಿಸುವ ಅವಸರ ಬೇಡ. ಯುದ್ಧಕಾಲದ ಅಗ್ಗದ ಕಾಗದ ಈಗ ಹುರಿದ ಹಪ್ಪಳದಂತಾಗಿದೆ, ಮಡಿಕೆ ಬಿಡಿಸುವಾಗಲೇ ಮುರಿಯುತ್ತದೆ. ಓದುವುದಕ್ಕೆ ನಿಜವಾದ ಅಡ್ಡಿ ಲಿಪಿಯದು. ಇವು ಅಚ್ಚಾಗಿರುವುದು ಫ್ರಾಕ್ಟೂರ್ ಎಂಬ ಹಳೆಯ ಕೋನಾಕೃತಿಯ ಅಕ್ಷರದಲ್ಲಿ. ಅದರಲ್ಲಿ ಪದದ ನಡುವಿನ ‘ಎಸ್’ ನಮ್ಮ ಕಣ್ಣಿಗೆ ‘ಎಫ್’ನಂತೆ ಕಾಣುತ್ತದೆ, ‘ಕೆ’ಯನ್ನು ‘ಟಿ’ ಎಂದುಕೊಳ್ಳುತ್ತೇವೆ. ಬೆಂಗಳೂರಿನಲ್ಲಿ ಜರ್ಮನ್ ಕಲಿತು ಬಂದವರಿಗೂ ಮೊದಲ ಪುಟ ತಿಣುಕಾಟವೇ. ಜಾಹೀರಾತಿನ ಪುಟದಿಂದ ಶುರು ಮಾಡಿದರೆ ಅಕ್ಷರ ಬೇಗ ಹಿಡಿತಕ್ಕೆ ಬರುತ್ತದೆ. ವಾಕ್ಯಗಳು ಚಿಕ್ಕವು, ಪದಗಳು ಮರುಕಳಿಸುತ್ತವೆ. 1941ರ ಜನವರಿಯಲ್ಲಿ ಹಿಟ್ಲರನ ಸರ್ಕಾರವೇ ಈ ಲಿಪಿಯನ್ನು ಕೈಬಿಟ್ಟಿತು. ಆಮೇಲಿನ ಪತ್ರಿಕೆಗಳಲ್ಲಿ ಈ ಕಷ್ಟ ಕಡಿಮೆ.

ಹಿಟ್ಲರನ ಕಾಲದವು

ಇಲ್ಲಿ ನನ್ನ ಶಿಫಾರಸು ಜಿಪುಣವಾದದ್ದು. 1936ರಿಂದ 1944ರವರೆಗೆ ಬಂದ ‘ಡೀ ವೆರ್ಮಾಖ್ಟ್’ ಸೇನಾ ಮಹಾಕಚೇರಿಯ ಚಿತ್ರಪತ್ರಿಕೆ. ವಾಯುಪಡೆಗೆ ‘ಡೇರ್ ಆಡ್ಲರ್’ ಇತ್ತು. ಎರಡೂ ನೋಡಲು ಭರ್ಜರಿ, ಆದರೆ ಒಂದು ಸಂಚಿಕೆ ನೋಡಿದರೆ ಹತ್ತು ಸಂಚಿಕೆ ನೋಡಿದಂತೆ. ಗೆಲುವು, ಯಂತ್ರ, ನಗುವ ಮುಖ; ಮತ್ತೆ ಗೆಲುವು, ಯಂತ್ರ, ನಗುವ ಮುಖ. ರಣರಂಗದಲ್ಲೇ ಅಚ್ಚಾಗುತ್ತಿದ್ದ ಪತ್ರಿಕೆಗಳೂ ಇದ್ದವು. ಉತ್ತರ ಆಫ್ರಿಕದ ಮರಳುಗಾಡಿನ ‘ಓಆಝೆ’ ಅಂಥದ್ದು. ನನ್ನ ಅಳತೆಗೋಲು ತಪ್ಪುವುದು ಇಲ್ಲಿಯೇ: ಅಚ್ಚುಯಂತ್ರ ಸೈನಿಕನ ಸನಿಹದಲ್ಲಿದ್ದರೂ ಅದನ್ನು ನಡೆಸುತ್ತಿದ್ದವರು 1938ರಿಂದ ಕಟ್ಟಲಾದ ಪ್ರಚಾರ ತುಕಡಿಗಳವರು, ಆಡುವ ಮಾತು ಬರ್ಲಿನ್‌ನಿಂದ ಬರುತ್ತಿತ್ತು.

ಅಧ್ಯಯನದ ದೃಷ್ಟಿಯಿಂದ ಇವೆಲ್ಲಕ್ಕಿಂತ ಉಪಯುಕ್ತವಾದದ್ದು ಬಹಳ ಸಪ್ಪೆಯಾಗಿ ಕಾಣುವ ‘ಮಿಟ್‌ಟೈಲುಂಗೆನ್ ಫ್ಯೂರ್ ಡೀ ಟ್ರುಪ್ಪೆ’. 1940ರಿಂದ ಸೇನಾ ಮಹಾಕಚೇರಿ ‘ಕಂಪನಿ’ ಎಂಬ ಸಣ್ಣ ಸೇನಾ ತುಕಡಿಗಳ ಮಟ್ಟದವರೆಗೆ ಹಂಚುತ್ತಿದ್ದ ಹಾಳೆ ಅದು. ಚಿತ್ರವಿಲ್ಲ, ಅಲಂಕಾರವಿಲ್ಲ. ಸಿಪಾಯಿಗೆ ಏನು ಹೇಳಬೇಕು ಎಂದು ಅವನ ಮೇಲಧಿಕಾರಿಗೆ ಹೇಳಿಕೊಡುವ ಪಾಠ. ಪೂರ್ವ ರಂಗದ ಜನರ ಬಗ್ಗೆ, ಯಹೂದಿಗಳ ಬಗ್ಗೆ ಆ ಸರ್ಕಾರ ತನ್ನ ಸೈನಿಕನ ತಲೆಯಲ್ಲಿ ಏನನ್ನು ತುಂಬುತ್ತಿತ್ತು ಎಂಬುದನ್ನು ಮುಚ್ಚುಮರೆಯಿಲ್ಲದೆ ನೋಡಬೇಕಾದರೆ ನಯವಾದ ಚಿತ್ರಪತ್ರಿಕೆ ಬಿಟ್ಟು ಇದನ್ನು ಓದಬೇಕು. ಓದಲು ಹಿತವಲ್ಲ, ಹಿತವಾಗಬೇಕಾಗಿಯೂ ಇಲ್ಲ.

ಹುಡುಕುವಾಗ ಹೆಸರಿನ ಗೊಂದಲಕ್ಕೆ ಬಲಿಯಾಗಬೇಡಿ. ‘ನಾಖ್ರಿಖ್ಟೆನ್ ಫ್ಯೂರ್ ಡೀ ಟ್ರುಪ್ಪೆ’ ಎಂಬುದು ಕೇಳಲು ಒಡಹುಟ್ಟಿದಂತಿದ್ದರೂ ಶತ್ರುಪಾಳೆಯದ್ದು. 1944ರ ಏಪ್ರಿಲ್‌ನಿಂದ ಯುದ್ಧ ಮುಗಿಯುವವರೆಗೆ ಬ್ರಿಟಿಷ್ ಪತ್ರಕರ್ತ ಸೆಫ್ಟನ್ ಡೆಲ್ಮರ್‌ನ ತಂಡ ಅಮೆರಿಕನ್ನರ ಜೊತೆ ಸೇರಿ ಇಂಗ್ಲೆಂಡಿನಲ್ಲಿ ತಯಾರಿಸಿದ ದಿನಪತ್ರಿಕೆ. ರಾತ್ರಿ ವಿಮಾನದಲ್ಲಿ ಹೊತ್ತೊಯ್ದು ಜರ್ಮನ್ ಸೈನಿಕರ ಮೇಲೆ ಸುರಿಯುತ್ತಿದ್ದರು. ಮನ್ರೋ ಎಂಬ ಅಮೆರಿಕನ್ ಅಧಿಕಾರಿ ರೂಪಿಸಿದ ಕರಪತ್ರದ ಬಾಂಬು ಗಾಳಿಯಲ್ಲೇ ಬಿಚ್ಚಿಕೊಂಡು ಸುಮಾರು 80,000 ಹಾಳೆಗಳನ್ನು ಹರಡುತ್ತಿತ್ತು. ಡೆಲ್ಮರ್‌ನ ಚಾಲಾಕಿತನ ಇರುವುದು ಅದರ ಹದದಲ್ಲಿ. ಬಹುಪಾಲು ಸುದ್ದಿ ನಿಜ: ಯಾವ ಊರಿನ ಯಾವ ಬೀದಿಗೆ ಬಾಂಬು ಬಿತ್ತು, ಫುಟ್‌ಬಾಲ್ ಪಂದ್ಯ ಯಾರು ಗೆದ್ದರು. ನಡುವೆ ಒಂದು ಚಿಟಿಕೆ ಸುಳ್ಳು, ಪಕ್ಷದ ದೊಡ್ಡವರ ಐಷಾರಾಮದ ಬಗ್ಗೆ ಒಂದು ಚುಚ್ಚುಮಾತು. ಮೊದಲ ಯುದ್ಧದ ಸಿಪಾಯಿ ಊಟದ ತಟ್ಟೆ ನೋಡಿ ಕಟ್ಟಿದ ಪ್ರಾಸ ಇಲ್ಲಿ ಶತ್ರುವಿನ ಆಯುಧವಾಗಿದೆ. ಸೋವಿಯತ್ ಕಡೆಯಿಂದ 1943ರ ಜುಲೈನಲ್ಲಿ ಶುರುವಾದ ‘ಫ್ರೈಎಸ್ ಡಾಯ್ಚ್‌ಲಾಂಡ್’ ಕೂಡ ಇದೇ ಸಾಲಿನದು, ಕಪ್ಪು-ಬಿಳಿ-ಕೆಂಪು ಅಂಚಿನ ಪತ್ರಿಕೆ. ಆದರೆ ಅದು ತಾನು ಯಾರು ಎಂಬುದನ್ನು ಮುಚ್ಚಿಡಲಿಲ್ಲ. ಬರಹದ ಕಸುಬುಗಾರಿಕೆ ನೋಡಬೇಕಾದರೆ ಡೆಲ್ಮರ್‌ನದನ್ನು ಆರಿಸಿಕೊಳ್ಳಿ, ಈ ಇಡೀ ಕಾಲಘಟ್ಟದಲ್ಲಿ ನಾನು ಮನಸಾರೆ ಶಿಫಾರಸು ಮಾಡುವುದು ಅದೊಂದನ್ನೇ.

ಕೊಳ್ಳುವವರಿಗೆ ಒಂದು ಮಾತು. ಈ ಕಾಲದ ಮೂಲ ಪ್ರತಿಗಳ ಮೇಲೆ ನಾತ್ಸಿ ಸ್ವಸ್ತಿಕ ಇರುತ್ತದೆ. ಜರ್ಮನಿಯಲ್ಲಿ ಅದನ್ನು ಸಾರ್ವಜನಿಕವಾಗಿ ತೋರಿಸುವುದು ದಂಡಸಂಹಿತೆಯ 86ಎ ಕಲಮಿನಡಿ ಅಪರಾಧ. ಸಂಶೋಧನೆ, ಬೋಧನೆ, ಕಲೆಗೆ ವಿನಾಯಿತಿ ಇದೆ. ಅಲ್ಲಿ ನೆಲೆಸಿರುವ ಕನ್ನಡಿಗರು ಸಂತೆಯಲ್ಲಿ ಕೊಂಡ ಮುಖಪುಟದ ಫೋಟೊವನ್ನು ಸಾಮಾಜಿಕ ಜಾಲತಾಣಕ್ಕೆ ಹಾಕುವ ಮುನ್ನ ಇದು ನೆನಪಿರಲಿ. ‘ಡೇರ್ ಲಾಂಡ್ಸರ್’ ಎಂಬ ಪುಸ್ತಿಕೆಗಳೂ ಇದೇ ಅಂಗಡಿಗಳಲ್ಲಿ ರಾಶಿ ಬಿದ್ದಿರುತ್ತವೆ. 1957ರಿಂದ 2013ರವರೆಗೆ ಬಂದ ಅಗ್ಗದ ಯುದ್ಧಕಥೆಗಳು ಅವು, ಸಿಪಾಯಿಗಾಗಿ ಬಂದ ಪತ್ರಿಕೆಯಲ್ಲ. ಜರ್ಮನ್ ಸೈನಿಕನ ಅಪರಾಧಗಳನ್ನು ತೊಳೆದು ತೋರಿಸುತ್ತವೆ ಎಂಬ ಆಕ್ಷೇಪ ಹೊತ್ತೇ ನಿಂತುಹೋದವು. ಬಿಟ್ಟುಬಿಡಿ.

ಒಂದೇ ವರ್ಷ, ಎರಡು ಜರ್ಮನಿ

ಹೋಲಿಕೆಗೆ ಹೇಳಿಮಾಡಿಸಿದ ಜೋಡಿ ಬೇಕಾದರೆ 1956ಕ್ಕೆ ಬನ್ನಿ. ಆ ವರ್ಷ ಪಶ್ಚಿಮ ಜರ್ಮನಿಯ ರಕ್ಷಣಾ ಸಚಿವಾಲಯ ‘ಇನ್‌ಫೊರ್ಮಾತ್ಸಿಯೋನ್ ಫ್ಯೂರ್ ಡೀ ಟ್ರುಪ್ಪೆ’ಯನ್ನು ಹೊರತಂದಿತು. ಪೂರ್ವ ಜರ್ಮನಿಯಲ್ಲಿ ‘ಆರ್ಮೇ ರುಂಡ್‌ಷೌ’ ಶುರುವಾಯಿತು.

ಪಶ್ಚಿಮದ್ದು ಸದುದ್ದೇಶದ ಪತ್ರಿಕೆ. ಸೈನಿಕ ಎಂದರೆ ಸಮವಸ್ತ್ರ ತೊಟ್ಟ ನಾಗರಿಕ, ಅವನು ಕಣ್ಣುಮುಚ್ಚಿ ಆಜ್ಞೆ ಪಾಲಿಸಬಾರದು, ಸಂವಿಧಾನ ಓದಿಕೊಂಡಿರಬೇಕು ಎಂಬ ಹೊಸ ಸೇನೆಯ ತತ್ತ್ವ ಅದರ ಬೆನ್ನೆಲುಬು. ಹಿಟ್ಲರನ ಅನುಭವ ಉಂಡ ದೇಶಕ್ಕೆ ಇದು ದೊಡ್ಡ ಮಾತೇ. ಆದರೆ ಓದುವ ಸುಖದ ಪ್ರಶ್ನೆ ಬಂದಾಗ ಅದು ಸರ್ಕಾರಿ ಉಪನ್ಯಾಸ. ಹತ್ತೊಂಬತ್ತರ ಹುಡುಗ ಬ್ಯಾರಕ್ಕಿನ ಮಂಚದ ಮೇಲೆ ಮಲಗಿ ಇದನ್ನು ಓದುತ್ತಿದ್ದ ಎಂದು ನಂಬುವುದು ಕಷ್ಟ.

ಪೂರ್ವದ್ದರ ಕಥೆ ಉಲ್ಟಾ. ‘ಆರ್ಮೇ ರುಂಡ್‌ಷೌ’ ಏಕಪಕ್ಷದ ಸರ್ಕಾರದ ಮಾಸಿಕ, ಪ್ರಚಾರ ಇದ್ದದ್ದೇ. ಆದರೂ ಅದನ್ನು ಸೈನಿಕರಲ್ಲದವರೂ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. ಟ್ಯಾಂಕ್, ವಿಮಾನಗಳ ಅಳತೆ-ತೂಕ ಕೊಡುವ ಮಾಹಿತಿ ಹಾಳೆಗಳನ್ನು ಹುಡುಗರು ಕತ್ತರಿಸಿ ಕೂಡಿಡುತ್ತಿದ್ದರು. ನಟಿಯರ, ರೂಪದರ್ಶಿಯರ ಚಿತ್ರ ಬರುತ್ತಿತ್ತು. 1962ರಲ್ಲಿ ಕಡ್ಡಾಯ ಸೇನಾ ಸೇವೆ ಬಂದ ಮೇಲೆ ಹದಿನೆಂಟು ತಿಂಗಳು ಮನೆ ಬಿಟ್ಟು ಇರಬೇಕಾದ ಹುಡುಗರ ಸಣ್ಣಪುಟ್ಟ ಪ್ರಶ್ನೆಗಳು ಅದರ ಪತ್ರವಿಭಾಗಕ್ಕೆ ಬಂದು ಬೀಳುತ್ತಿದ್ದವು. ನನ್ನ ಪ್ರಕಾರ ಈ ಪತ್ರಿಕೆಯಲ್ಲಿ ಓದಬೇಕಾದದ್ದು ಆ ಭಾಗವನ್ನೇ. ಸಂಪಾದಕೀಯ ಶಾಂತಿ, ಸಮಾಜವಾದ, ಸೋವಿಯತ್ ಮೈತ್ರಿ ಎನ್ನುತ್ತಿದ್ದರೆ, ಹುಡುಗರು ಕೇಳುತ್ತಿದ್ದುದು ರಜೆಯನ್ನು. 1990ರಲ್ಲಿ ಆ ದೇಶ ಮುಗಿಯಿತು, ಪತ್ರಿಕೆಯೂ ಮುಗಿಯಿತು. ಹಳೆಯ ಪ್ರತಿಗಳು ಜರ್ಮನಿಯ ಹಳೆ ಸಾಮಾನಿನ ಸಂತೆಗಳಲ್ಲಿ ಅಗ್ಗಕ್ಕೆ ಸಿಗುತ್ತವೆ, ಸ್ವಸ್ತಿಕದ ಕಾಟವಿಲ್ಲ, ಫ್ರಾಕ್ಟೂರ್‌ನ ಕಾಟವೂ ಇಲ್ಲ. ಮೂಲ ಪ್ರತಿಯನ್ನೇ ಕೈಯಲ್ಲಿ ಹಿಡಿಯಬೇಕು ಎನ್ನುವವರಿಗೆ ಇದಕ್ಕಿಂತ ಸುಲಭದ ಆಯ್ಕೆ ಇಲ್ಲ.

ಈ ಜೋಡಿಯಲ್ಲೂ ಅಳತೆಗೋಲು ಅಷ್ಟು ನೆಟ್ಟಗಿಲ್ಲ. ಸ್ವಾತಂತ್ರ್ಯವಿದ್ದ ದೇಶದ ಪತ್ರಿಕೆ ಸಪ್ಪೆ, ಇಲ್ಲದ ದೇಶದ್ದು ಸ್ವಾರಸ್ಯ. ಓದುಗ ಕೊಳ್ಳದಿದ್ದರೂ ನಡೆಯುವ ಪತ್ರಿಕೆಗೂ ಓದುಗನನ್ನು ಒಲಿಸಿಕೊಂಡೇ ನಡೆಯಬೇಕಾದ ಪತ್ರಿಕೆಗೂ ಇರುವ ವ್ಯತ್ಯಾಸ ಅದು ಎಂದುಕೊಂಡಿದ್ದೇನೆ.

ಜರ್ಮನ್ ಬಾರದವರಿಗೆ

ಜರ್ಮನ್ ಬರುವುದಿಲ್ಲ, ಕಲಿಯುವ ವ್ಯವಧಾನವೂ ಇಲ್ಲ ಎನ್ನುವವರಿಗೆ ಲಿಲ್ ಪತ್ರಿಕೆಯ ಚಿತ್ರಪುರವಣಿಗಳು ಒಂದು ದಾರಿ. ಹಿಂದಿ ಅಥವಾ ಉರ್ದು ಓದಬಲ್ಲವರಿಗೆ ಇನ್ನೊಂದು ದಾರಿ ಇದೆ, ಅದು ಸ್ವಲ್ಪ ಪಕ್ಕದ್ದು. 1914-15ರಲ್ಲಿ ಲಿಲ್‌ಗೆ ಪಶ್ಚಿಮದಲ್ಲಿ, ನವ್ ಶಪೆಲ್ ಕಡೆ, ಜರ್ಮನ್ನರ ಎದುರು ಕಂದಕದಲ್ಲಿ ನಿಂತಿದ್ದವರಲ್ಲಿ ಬ್ರಿಟಿಷರ ಭಾರತೀಯ ಸೇನೆಯವರೂ ಇದ್ದರು. ಸೆರೆ ಸಿಕ್ಕವರನ್ನು ಬರ್ಲಿನ್ ಬಳಿಯ ವ್ಯೂನ್ಸ್‌ಡೋರ್ಫ್‌ನ ಶಿಬಿರಕ್ಕೆ ಒಯ್ದ ಜರ್ಮನ್ನರು ಅವರಿಗಾಗಿ 1915ರಿಂದ ‘ಹಿಂದೋಸ್ತಾನ್’ ಎಂಬ ಪತ್ರಿಕೆಯನ್ನು ಹಿಂದಿ, ಉರ್ದು ಎರಡರಲ್ಲೂ ಹೊರಡಿಸಿದರು. ಬ್ರಿಟಿಷರ ವಿರುದ್ಧ ಅವರ ಮನಸ್ಸು ತಿರುಗಲಿ ಎಂಬುದು ಉದ್ದೇಶ. ಪ್ರತಿಗಳು ಹೈಡೆಲ್‌ಬರ್ಗ್‌ನ ಪತ್ರಿಕೆಗಳಷ್ಟು ಸುಲಭವಾಗಿ ಸಿಗುವುದಿಲ್ಲ. ಸಿಕ್ಕಿದರೆ ಅದೇ ತಿಂಗಳಿನ ಲಿಲ್ ಸಂಚಿಕೆಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಒಂದೇ ಸೇನೆ ತನ್ನ ಸಿಪಾಯಿಗೆ ಒಂದು ಮಾತು, ತಾನು ಸೆರೆಹಿಡಿದ ಸಿಪಾಯಿಗೆ ಇನ್ನೊಂದು ಮಾತು ಆಡುತ್ತಿದ್ದುದನ್ನು ಆಗ ಸಾಲುಸಾಲಾಗಿ ಹೋಲಿಸಿ ನೋಡಬಹುದು.